ಬುಕ್ಕಾಪಟ್ಟಣದಿಂದ ಮೊರಾಕ್ಕೊ ಎಷ್ಟು ದೂರ?

ಕಳೆದ ಮುಂಗಾರಿನ ಹೊತ್ತಿಗೆ ತಾತನ ಮನೆಯ ಜಗಲಿ ಮೇಲೆ ಒಂದು ಡಿಎಪಿ ಗೊಬ್ಬರದ ಚೀಲ ಇತ್ತು. ಊರು ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿಯಲ್ಲಿದೆ. ಫೋನಿಗೆ ಸಿಗ್ನಲ್ ಇಲ್ಲದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ನಾನು ಚೀಲ ಓದಿದೆ. ಮೂಲ ದೇಶ: ಮೊರಾಕ್ಕೊ ಅಂತ ಅಚ್ಚಾಗಿತ್ತು. ತಾತನಿಗೆ ಹೇಳಿದೆ.

"ಅದೆಲ್ಲೈತಪ್ಪಾ?" ಅಂದರು.

ಆಫ್ರಿಕಾದ ಉತ್ತರಕ್ಕೆ, ಸಹಾರಾ ಮರಳುಗಾಡಿನ ಪಕ್ಕ ಅಂದೆ.

"ಮರಳುಗಾಡಿನೋರು ನಮಗೆ ಗೊಬ್ಬರ ಕಳಿಸ್ತಾರಾ? ಅಲ್ಲಿ ಮಳೆ ಬತ್ತದಾ? ಜನ ಏನ್ ತಿಂತಾರೆ?"

ಮೂರು ಪ್ರಶ್ನೆ. ನನ್ನ ಹತ್ತಿರ ಇದ್ದ ಉತ್ತರ ಒಂದೇ, ರಾಜಧಾನಿ ರಬಾತ್. ಅದನ್ನು ಅವರು ಕೇಳಿರಲಿಲ್ಲ. ಹಾಸ್ಟೆಲ್‌ಗೆ ವಾಪಸ್ ಬಂದು ಮೊರಾಕ್ಕೊ ಬಗ್ಗೆ ಓದೋಕೆ ಕೂತೆ. ಓದುತ್ತಾ ಓದುತ್ತಾ ಬೇರೆಯೇ ಒಂದು ವಿಷಯ ಗೊತ್ತಾಯಿತು: ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಬಗ್ಗೆಯೂ ನನಗೆ ಅಷ್ಟೇ ಗೊತ್ತು. ಪಾವಗಡದ ಪಕ್ಕದ ಊರಿನಲ್ಲಿರುವ ನಮ್ಮ ದೊಡ್ಡಪ್ಪ ತಮ್ಮ ಆರು ಎಕರೆಯನ್ನು ಸೋಲಾರ್‌ಗೆ ಕೊಡೋದಾ ಬೇಡವಾ ಅಂತ ಒಂದು ವರ್ಷದಿಂದ ಯೋಚನೆ ಮಾಡುತ್ತಿದ್ದಾರೆ. ಎಂಜಿನಿಯರಿಂಗ್ ಓದುವ ಹುಡುಗ ಅಂತ ನನ್ನನ್ನು ಕೇಳಿದರೆ ನಾನು ತಲೆ ಕೆರೆದುಕೊಳ್ಳುತ್ತೇನೆ. ಹಾಗಾಗಿ ಈ ಲೇಖನ ನಮ್ಮ ನಾಲ್ಕು ತಾಲ್ಲೂಕಿನ ನೆಲ, ಜನ, ದುಡ್ಡಿನ ಬಗ್ಗೆ. ಮೊರಾಕ್ಕೊ ಇಲ್ಲಿ ಪಕ್ಕದಲ್ಲಿ ಇಟ್ಟುಕೊಂಡ ಕನ್ನಡಿ.

ಬೆಟ್ಟದ ಬೆನ್ನಿಗಿರುವ ನಾಡು

ಮೊದಲು ಮಳೆ. ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ಬರುವ ಒದ್ದೆ ಗಾಳಿ ಪಶ್ಚಿಮ ಘಟ್ಟವನ್ನು ಹತ್ತಬೇಕು. ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವುದು ಹೀಗೆ. ಘಟ್ಟ ದಾಟಿ ಈಚೆಗೆ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ, ಅದರಲ್ಲಿ ಸುರಿಸೋಕೆ ಹೆಚ್ಚೇನೂ ಉಳಿದಿರುವುದಿಲ್ಲ. ಆಗುಂಬೆಯಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ.ಗೆ ಶಿರಾ ಸಿಗುತ್ತದೆ. ಇಲ್ಲಿ ಮಳೆ 600 ಮಿ.ಮೀ. ಆಸುಪಾಸು. ಕೃಷಿ ಇಲಾಖೆಯ ಲೆಕ್ಕದಲ್ಲಿ ನಮ್ಮ ನಾಲ್ಕೂ ತಾಲ್ಲೂಕು ರಾಜ್ಯದ 'ಮಧ್ಯ ಒಣ ವಲಯ'ಕ್ಕೆ ಸೇರಿವೆ. ಜುಲೈನಲ್ಲಿ ಊರಿಗೆ ಹೋದರೆ ಗಾಳಿ ಹೆಂಚು ಹಾರಿಸುವ ಹಾಗೆ ಬೀಸುತ್ತಿರುತ್ತದೆ, ಮೋಡ ಓಡುತ್ತಿರುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ತಿರುಗುವುದು ಇದೇ ಗಾಳಿಗೆ. ನಮಗೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಮೊರಾಕ್ಕೊದಲ್ಲಿ ಈ ಘಟ್ಟದ ಕೆಲಸ ಮಾಡುವುದು ಅಟ್ಲಾಸ್ ಪರ್ವತ. ಅದರ ಅತಿ ಎತ್ತರದ ಶಿಖರ ತುಬ್ಕಾಲ್, 4,167 ಮೀಟರ್. ಗಾಳಿ ಬರುವುದು ಅಟ್ಲಾಂಟಿಕ್ ಸಾಗರದಿಂದ, ಅದೂ ಚಳಿಗಾಲದಲ್ಲಿ. ಅಟ್ಲಾಸ್‌ನ ಸಮುದ್ರದ ಕಡೆಗೆ ಗೋಧಿ, ಆಲಿವ್, ಕಿತ್ತಳೆ. ಆಚೆ ಮಗ್ಗುಲಿಗೆ ಸಹಾರಾ ಶುರು. ಬೆಟ್ಟದ ಬೆನ್ನಿಗಿರುವ ವಾರ್ಜಾಜಾತ್ ಪಟ್ಟಣದಲ್ಲಿ ವರ್ಷದ ಮಳೆ ನೂರು ಚಿಲ್ಲರೆ ಮಿ.ಮೀ. ಅಷ್ಟೇ.

ಇಲ್ಲಿ ನನಗೊಂದು ಅನುಮಾನ ಬಂತು. ಕಾಸಾಬ್ಲಾಂಕಾದಲ್ಲಿ ವರ್ಷಕ್ಕೆ ಸುಮಾರು 400 ಮಿ.ಮೀ. ಮಳೆ, ನಮ್ಮ ಶಿರಾಕ್ಕಿಂತ ಕಡಿಮೆ. ಆದರೂ ಆ ಭಾಗದಲ್ಲಿ ಮಳೆಯನ್ನೇ ನಂಬಿ ಗೋಧಿ ಬೆಳೆಯುತ್ತಾರೆ. ಹೇಗೆ? ಉತ್ತರ ಇರುವುದು ಆವಿಯಾಗುವಿಕೆಯಲ್ಲಿ. ಅವರ ಮಳೆ ಬೀಳುವುದು ಚಳಿಯಲ್ಲಿ, ನೀರು ಮಣ್ಣಿನಲ್ಲಿ ಉಳಿಯುತ್ತದೆ. ನಮ್ಮ ಮಳೆ ಬಿಸಿಲು ಗಾಳಿ ಎರಡೂ ಇರುವಾಗ ಬೀಳುತ್ತದೆ, ಬಿದ್ದದ್ದರಲ್ಲಿ ದೊಡ್ಡ ಪಾಲು ಎರಡೇ ದಿನಕ್ಕೆ ಮಾಯ. ಮಿ.ಮೀ. ಒಂದನ್ನೇ ನೋಡಿ ಯಾವ ಊರು ಒಣ, ಯಾವ ಊರು ಹಸಿ ಅಂತ ತೀರ್ಮಾನ ಮಾಡುವುದು ಇನ್‌ಪುಟ್ ಮಾತ್ರ ನೋಡಿ ಎಫಿಶಿಯೆನ್ಸಿ ಹೇಳಿದ ಹಾಗೆ.

ಅಂದ ಮಾತ್ರಕ್ಕೆ ಅವರು ಸುಖವಾಗಿಲ್ಲ. 2018ರ ಆಸುಪಾಸಿನಿಂದ ಮೊರಾಕ್ಕೊಗೆ ಸಾಲು ಸಾಲಾಗಿ ಬರ. ಅದರ ದೊಡ್ಡ ಜಲಾಶಯಗಳಲ್ಲಿ ಒಂದಾದ ಅಲ್ ಮಸೀರಾ 2024ರ ಹೊತ್ತಿಗೆ ಬಹುಪಾಲು ಬರಿದಾಗಿತ್ತು. ನಮ್ಮ ಪಕ್ಕದ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆವತ್ತು ಬುಕ್ಕಾಪಟ್ಟಣದಿಂದ ಜನ ಟೆಂಪೊ ಮಾಡಿಕೊಂಡು ನೀರು ನೋಡೋಕೆ ಹೋಗಿದ್ದರು. ತಾತನೂ ಹೋಗಿದ್ದರು. ನೀರು ನೋಡೋಕೆ ಪ್ರವಾಸ ಹೋಗುವ ಜನ ನಾವು.

ಕಲ್ಲಿನೊಳಗೆ ಏನಿದೆ

ಬುಕ್ಕಾಪಟ್ಟಣದ ಕಡೆಯ ಗುಡ್ಡಗಳು ಬೇರೆ, ಮಧುಗಿರಿಯ ಬೆಟ್ಟ ಬೇರೆ. ಬಸ್ಸಿನ ಕಿಟಕಿಯಿಂದಲೇ ಗೊತ್ತಾಗುತ್ತದೆ. ಬುಕ್ಕಾಪಟ್ಟಣದ ಗುಡ್ಡಗಳು ಉದ್ದುದ್ದ, ಪದರ ಪದರ. ಅವು ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಸೇರಿದ ಕಲ್ಲು. ಈ ಪಟ್ಟಿಯಲ್ಲಿ ಚಿನ್ನ ಇದೆ. ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಸ್ವಲ್ಪ ಕಾಲ ಅದಿರು ತೆಗೆದಿತ್ತು. ಚಿನ್ನದ ಗಣಿ ಇದ್ದ ತಾಲ್ಲೂಕು ಅಂತ ನನಗೆ ಯಾರೂ ಹೇಳಿರಲೇ ಇಲ್ಲ.

ಪೂರ್ವಕ್ಕೆ ಕೊರಟಗೆರೆ, ಮಧುಗಿರಿ, ಪಾವಗಡಕ್ಕೆ ಹೋದರೆ ಬೋಳು ತಲೆಯಂಥ ಗ್ರಾನೈಟ್ ಬೆಟ್ಟಗಳು. ಇದು ರಾಮನಗರದಿಂದ ಉತ್ತರಕ್ಕೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿ ಬೆಟ್ಟ ಏಷ್ಯಾದ ದೊಡ್ಡ ಏಕಶಿಲೆಗಳಲ್ಲಿ ಒಂದು ಅಂತ ಪೋಸ್ಟರ್‌ನಲ್ಲಿ ಹಾಕುತ್ತಾರಲ್ಲ, ಅದೇ ಕಲ್ಲು. ನೋಡೋಕೆ ಚೆಂದ, ಟ್ರೆಕ್ಕಿಂಗ್‌ಗೆ ಚೆಂದ. ಆದರೆ ಅದರ ಬಿರುಕುಗಳಲ್ಲಿ ನಿಂತ ನೀರು ಕುಡಿಯೋಕೆ ಚೆಂದ ಇಲ್ಲ. ಗ್ರಾನೈಟ್‌ನಲ್ಲಿರುವ ಅಪಟೈಟ್, ಬಯೊಟೈಟ್, ಫ್ಲೋರೈಟ್ ಎಂಬ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಕಲ್ಲಿನ ಜೊತೆ ಎಷ್ಟು ಹೆಚ್ಚು ಕಾಲ ಇರುತ್ತದೋ ಅಷ್ಟು ಹೆಚ್ಚು ಫ್ಲೋರೈಡ್ ಕರಗುತ್ತದೆ. ತೆರೆದ ಬಾವಿಯಲ್ಲಿ ಹೊಸ ಮಳೆನೀರು ಬಂದು ಸೇರುತ್ತಿತ್ತು. ನೂರಾರು ಅಡಿ ಕೆಳಗಿನ ಬೋರ್‌ವೆಲ್‌ನಲ್ಲಿ ಇರುವುದು ಹಳೇ ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗೆ ಇರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ಆಗಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಪಾವಗಡದ ಎಷ್ಟೋ ಊರುಗಳ ನೀರು ಇದನ್ನು ದಾಟಿತ್ತು. ಅಲ್ಲಿಯವರ ಹಲ್ಲಿನ ಮೇಲಿನ ಕಂದು ಗೆರೆಗಳು ಬ್ರಷ್ ಮಾಡದ್ದಕ್ಕೆ ಬಂದದ್ದಲ್ಲ. ಹೆಚ್ಚು ವರ್ಷ ಕುಡಿದರೆ ಮೂಳೆ ಬಿರುಸಾಗಿ ಬೆನ್ನು ಬಾಗುತ್ತದೆ. ತುಂಗಭದ್ರಾ ಹಿನ್ನೀರಿನಿಂದ ಪೈಪ್ ಹಾಕಿ ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆ ಬಂದದ್ದು ಇದೇ ಕಾರಣಕ್ಕೆ.

ಈಗ ಚೀಲಕ್ಕೆ ಬರೋಣ. ಡಿಎಪಿಯಲ್ಲಿ ರಂಜಕ ಇದೆ. ರಂಜಕ ಬರುವುದು ಫಾಸ್ಫೇಟ್ ಕಲ್ಲಿನಿಂದ. ಜಗತ್ತಿನ ಗೊತ್ತಿರುವ ಫಾಸ್ಫೇಟ್ ನಿಕ್ಷೇಪದಲ್ಲಿ ಮೂರನೇ ಎರಡು ಭಾಗ ಮೊರಾಕ್ಕೊದ ಹಿಡಿತದಲ್ಲಿದೆ. ಗಣಿ ಇರುವುದು ಮುಖ್ಯವಾಗಿ ಖೂರಿಬ್ಗಾದಲ್ಲಿ, ನಡೆಸುವುದು 1920ರಲ್ಲಿ ಶುರುವಾದ ಸರ್ಕಾರಿ ಒಡೆತನದ ಓಸಿಪಿ ಕಂಪನಿ. ಮೆಕ್ಯಾನಿಕಲ್‌ನವರಿಗೆ ಒಂದು ಖುಷಿಯ ವಿಷಯ: ಮೊದಲು ಅದಿರನ್ನು ರೈಲಿನಲ್ಲಿ ಬಂದರಿಗೆ ಸಾಗಿಸುತ್ತಿದ್ದರು. 2014ರಿಂದ ಅದನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 187 ಕಿ.ಮೀ. ಪೈಪಿನಲ್ಲಿ ಸಮುದ್ರದ ಕಡೆಗೆ ಹರಿಯಬಿಡುತ್ತಾರೆ. ಗಣಿ ಎತ್ತರದಲ್ಲಿದೆ, ಬಂದರು ತಗ್ಗಿನಲ್ಲಿದೆ, ಹೆಚ್ಚಿನ ಕೆಲಸವನ್ನು ಗುರುತ್ವವೇ ಮಾಡುತ್ತದೆ. ಬಂದರಿನಲ್ಲಿ ಕಲ್ಲಿಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಫಾಸ್ಫಾರಿಕ್ ಆಮ್ಲ ಮತ್ತು ಜಿಪ್ಸಂ. ಆಮ್ಲಕ್ಕೆ ಅಮೋನಿಯಾ ಸೇರಿಸಿದರೆ ಡಿಎಪಿ. ಭಾರತ ಕಲ್ಲು, ಆಮ್ಲ, ಸಿದ್ಧ ಡಿಎಪಿ ಮೂರನ್ನೂ ಅಲ್ಲಿಂದ ತರಿಸುತ್ತದೆ. ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಕಂಪನಿಯಲ್ಲಿ ಓಸಿಪಿಗೆ ಪಾಲೂ ಇದೆ. 50 ಕೆ.ಜಿ. ಚೀಲದಲ್ಲಿ 46 ಶೇಕಡಾ ಫಾಸ್ಫೇಟ್ ಅಂದರೆ 23 ಕೆ.ಜಿ. ಅಷ್ಟು ಮೊರಾಕ್ಕೊ ತಾತನ ಕಡಲೆಕಾಯಿ ಹೊಲ ಸೇರಿತು.

ಆದರೆ ನನ್ನನ್ನು ನಿಲ್ಲಿಸಿದ್ದು ಬೇರೆ. ಆ ಫಾಸ್ಫೇಟ್ ಕಲ್ಲಿನ ಮುಖ್ಯ ಖನಿಜವೂ ಅಪಟೈಟ್ ಜಾತಿಯದೇ, ಅದರಲ್ಲೂ ಫ್ಲೋರೈಡ್ ಇದೆ. ಹಾಗಾಗಿ ಮೊರಾಕ್ಕೊದ ಫಾಸ್ಫೇಟ್ ಸೀಮೆಯ ಕುರಿಗಳಿಗೂ ಜನಕ್ಕೂ ಹಲ್ಲಿನ ಕಾಯಿಲೆ. ಅಲ್ಲಿ ಅದಕ್ಕೆ 'ದರ್ಮುಸ್' ಅಂತ ಹೆಸರೇ ಇದೆ. ಹಲ್ಲು ಸವೆದ ಕುರಿ ಮೇಯಲಾರದೆ ಸೊರಗುತ್ತದೆ. ಕಲ್ಲು ಒಂದು ಕಡೆ ದೇಶದ ಬೊಕ್ಕಸ ತುಂಬಿಸಿತು, ಇನ್ನೊಂದು ಕಡೆ ಬೆನ್ನು ಬಾಗಿಸಿತು. ಪಾವಗಡದ ದೊಡ್ಡಮ್ಮನ ಹಲ್ಲಿಗೂ ಖೂರಿಬ್ಗಾದ ಕುರಿಯ ಹಲ್ಲಿಗೂ ಅಂಟಿದ್ದು ಒಂದೇ ಧಾತು.

ಜನ

ಮೊರಾಕ್ಕೊದ ಜನಸಂಖ್ಯೆ 2024ರ ಗಣತಿಯಲ್ಲಿ 3.68 ಕೋಟಿ. ನಮ್ಮ ರಾಜ್ಯದ್ದು 2011ರಲ್ಲೇ 6.11 ಕೋಟಿ. ವಿವಾದದಲ್ಲಿರುವ ಪಶ್ಚಿಮ ಸಹಾರಾ ಬಿಟ್ಟರೂ ಮೊರಾಕ್ಕೊ ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡದು. ಹಣದ ಲೆಕ್ಕ ಇದಕ್ಕೆ ಉಲ್ಟಾ: ಮೊರಾಕ್ಕೊದ ಇಡೀ ವರ್ಷದ ಆರ್ಥಿಕತೆ ಸುಮಾರು 15,000 ಕೋಟಿ ಡಾಲರ್, ಕರ್ನಾಟಕದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ತಲೆಗೆ ಹಂಚಿದರೆ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಹಾಗಂತ ಖುಷಿಪಡುವ ಮುಂಚೆ ನಮ್ಮ ಸರಾಸರಿಯಲ್ಲಿ ಬೆಂಗಳೂರು ಎಷ್ಟು ಅಂತ ಯೋಚಿಸಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಶಿರಾ, ಮಧುಗಿರಿ, ಪಾವಗಡ ಮೂರೂ ಅದರಲ್ಲಿದ್ದವು.

ಆದರೆ ಶಿರಾ ಯಾವಾಗಲೂ ಮೂಲೆ ಊರಾಗಿರಲಿಲ್ಲ. 1687ರಲ್ಲಿ ಮೊಘಲರು ಬಿಜಾಪುರದಿಂದ ಈ ಸೀಮೆಯನ್ನು ತೆಗೆದುಕೊಂಡ ಮೇಲೆ ಶಿರಾ ಅವರ ಪ್ರಾಂತ್ಯದ ರಾಜಧಾನಿ. ಕೋಟೆ, ಜುಮ್ಮಾ ಮಸೀದಿ, ಮಲಿಕ್ ರಿಹಾನ್ ದರ್ಗಾ ಈಗಲೂ ಇವೆ. 1761ರಲ್ಲಿ ಹೈದರಾಲಿ ಹಿಡಿದ ಮೇಲೆ ಅಧಿಕಾರದ ಕೇಂದ್ರ ಶ್ರೀರಂಗಪಟ್ಟಣದ ಕಡೆ ಸರಿಯಿತು. ಮಳೆ ಆಗಲೂ ಇಷ್ಟೇ ಇದ್ದಿರಬೇಕು. ರಾಜಧಾನಿ ಆಗೋಕೆ ಮಳೆ ಬೇಕಿರಲಿಲ್ಲ, ದಾರಿ ಬೇಕಿತ್ತು. ಮೊರಾಕ್ಕೊದ ಮರಾಕೆಶ್ ಕೂಡ ಸಹಾರಾ ವ್ಯಾಪಾರದ ದಾರಿಯಿಂದ ಬೆಳೆದ ಒಣ ಊರೇ.

ಪಾವಗಡದ ನಕ್ಷೆ ನೋಡಿದ್ದೀರಾ? ಜಿಲ್ಲೆಯಿಂದ ಕಡಿದು ದೂರ ಎಸೆದ ಹಾಗಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರದ ಮಡಕಶಿರಾ ಸೀಮೆ ದಾಟಬೇಕು. ತಾಲ್ಲೂಕು ಕರ್ನಾಟಕಕ್ಕೆ ಅಂಟಿಕೊಂಡಿರುವುದು ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಮಾತ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅರ್ಜಿಯಲ್ಲಿ ಕನ್ನಡ, ಬೈಗುಳದಲ್ಲಿ ಎರಡೂ. ಮೊರಾಕ್ಕೊದಲ್ಲಿ ಕಾಲು ಭಾಗದಷ್ಟು ಜನ ಅಮಾಜಿಗ್ ಭಾಷೆ ಆಡುತ್ತಾರೆ. 2011ರ ಸಂವಿಧಾನದಲ್ಲಿ ಅರಬ್ಬಿಯ ಜೊತೆ ಅದೂ ಆಡಳಿತ ಭಾಷೆ ಆಯಿತು. ಆದರೆ ಎಂಜಿನಿಯರಿಂಗ್ ಪಾಠ ನಡೆಯುವುದು ಫ್ರೆಂಚ್‌ನಲ್ಲಿ. ಊರಲ್ಲಿ ಒಂದು ಭಾಷೆ ಆಡಿ ಕ್ಲಾಸಿನಲ್ಲಿ ಇನ್ನೊಂದರಲ್ಲಿ ಒದ್ದಾಡುವ ಹುಡುಗರು ಅಲ್ಲೂ ಇದ್ದಾರೆ ಅಂತ ತಿಳಿದು ಯಾಕೋ ಸಮಾಧಾನ ಆಯಿತು.

ಇನ್ನು ಕುರಿ. ಶಿರಾ, ಬುಕ್ಕಾಪಟ್ಟಣದ ಸುತ್ತ ಕಾಡುಗೊಲ್ಲರ ಹಟ್ಟಿಗಳಿವೆ, ಕುರುಬರ ಮಂದೆಗಳಿವೆ. ಕಾಡುಗೊಲ್ಲರ ವೀರ ಜುಂಜಪ್ಪ ದನಗಾಹಿ. ಅವನ ಕಾವ್ಯವನ್ನು ಗಣೆ ಅನ್ನುವ ಉದ್ದ ಕೊಳಲು ಊದುತ್ತಾ ಈಗಲೂ ಹಾಡುತ್ತಾರೆ. ಒಣ ನಾಡಿನಲ್ಲಿ ಕುರಿ ಅಂದರೆ ನಡೆದಾಡುವ ಬ್ಯಾಂಕ್. ಮಳೆ ಹೋದರೆ ಬೆಳೆ ಅಲ್ಲೇ ಒಣಗುತ್ತದೆ, ಕುರಿ ಮಾತ್ರ ಮೇವಿದ್ದ ಕಡೆ ನಡೆಯುತ್ತದೆ. ಅಟ್ಲಾಸ್‌ನ ಅಮಾಜಿಗ್ ಕುರಿಗಾಹಿಗಳದ್ದೂ ಇದೇ ಉಪಾಯ. ಅವರು 'ಅಗ್ದಾಲ್' ಅಂತ ಕೆಲವು ಹುಲ್ಲುಗಾವಲುಗಳನ್ನು ಊರವರೇ ಸೇರಿ ಇಂತಿಷ್ಟು ತಿಂಗಳು ಮುಚ್ಚಿ, ಹುಲ್ಲು ಬೆಳೆದ ಮೇಲೆ ತೆರೆಯುತ್ತಾರೆ. ಆದರೆ ಬ್ಯಾಂಕೂ ದಿವಾಳಿ ಆಗುತ್ತದೆ. 2025ರ ಫೆಬ್ರವರಿಯಲ್ಲಿ ಮೊರಾಕ್ಕೊದ ದೊರೆ ಆರನೇ ಮೊಹಮ್ಮದ್, ಈ ಸಲ ಬಕ್ರೀದ್‌ಗೆ ಕುರಿ ಕೊಯ್ಯಬೇಡಿ ಅಂತ ಪ್ರಜೆಗಳಿಗೆ ಮನವಿ ಮಾಡಿದರು. 2016ಕ್ಕೆ ಹೋಲಿಸಿದರೆ ಮಂದೆ 38 ಶೇಕಡಾ ಕರಗಿತ್ತು. ಹಬ್ಬದ ಕುರಿ ಬಿಡಿ ಅಂತ ದೊರೆಯೇ ಕೇಳಬೇಕಾದರೆ ಬರ ಎಷ್ಟಿರಬೇಕು! ತಾತನಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ಮೊರಾಕ್ಕೊವನ್ನು ಪೂರ್ತಿ ನಂಬಿದರು.

ನೀರು ತಿನ್ನುವ ಬೆಳೆ

ತಾತನ ಕಾಲಕ್ಕೆ ಇಲ್ಲಿ ರಾಗಿ ಮತ್ತು ಕಡಲೆಕಾಯಿ. ಪಾವಗಡದಿಂದ ಅನಂತಪುರದವರೆಗೆ ಕಡಲೆಕಾಯಿಯದೇ ರಾಜ್ಯ. ಒಂದೂ ಮುಕ್ಕಾಲು ಮಳೆಗೂ ಏನೋ ಒಂದಷ್ಟು ಕೊಡುವ ಬೆಳೆ ಅದು. ಆದರೆ ಹೂವು ಬಿಟ್ಟು ಊಡು ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬಳ್ಳಿ ಸಿಗುತ್ತದೆ, ಕಾಯಿ ಸಿಗುವುದಿಲ್ಲ. ಹಾಗಾಗಿ ಬೋರ್ ಕೊರೆಸಿದವರು ಅಡಿಕೆಗೆ ಹೋದರು. ಶಿರಾ ಹೆದ್ದಾರಿಯಲ್ಲಿ ಈಗ ಎರಡೂ ಕಡೆ ಅಡಿಕೆ ತೋಟ ನೋಡಿದರೆ ಇದು 600 ಮಿ.ಮೀ. ಸೀಮೆ ಅಂತ ಹೊಸಬರು ನಂಬುವುದೇ ಇಲ್ಲ. ಅಡಿಕೆ ಮಲೆನಾಡಿನ ಮರ. ಅದು ಬದುಕಿರುವುದು ಬೋರ್‌ವೆಲ್ ಮೇಲೆ, ಮತ್ತೆ ಹೇಮಾವತಿ ನಾಲೆಯಿಂದ ಕಳ್ಳಂಬೆಳ್ಳ, ಶಿರಾ ಕೆರೆಗೆ ಬರುವ ನೀರಿನ ಆಸೆಯ ಮೇಲೆ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ತರುವುದೇ ದೊಡ್ಡ ಮಾತಾಗಿತ್ತು.

ಮೊರಾಕ್ಕೊ ಇದನ್ನೇ ದೇಶದ ಮಟ್ಟದಲ್ಲಿ ಮಾಡಿತು. 2008ರಲ್ಲಿ 'ಹಸಿರು ಮೊರಾಕ್ಕೊ' ಯೋಜನೆ ತಂದು ಡ್ರಿಪ್‌ಗೆ ಸಬ್ಸಿಡಿ ಕೊಟ್ಟಿತು. ಡ್ರಿಪ್ ಹಾಕಿದರೆ ನೀರು ಉಳಿಯುತ್ತದೆ ಅಂತ ನಾವೆಲ್ಲ ಓದಿದ್ದೇವೆ. ಉಳಿದ ನೀರಿನಲ್ಲಿ ರೈತ ಏನು ಮಾಡುತ್ತಾನೆ? ಇನ್ನೊಂದು ಎಕರೆ ಹಾಕುತ್ತಾನೆ, ಇಲ್ಲ ಹೆಚ್ಚು ಬೆಲೆಯ ಬೆಳೆಗೆ ಹೋಗುತ್ತಾನೆ. ಸಹಾರಾ ಅಂಚಿನ ಜಗೋರಾದಲ್ಲಿ ಕಲ್ಲಂಗಡಿ ಬೆಳೆದು ಯುರೋಪಿಗೆ ಕಳಿಸಿದರು. 2017ರಲ್ಲಿ ಅದೇ ಜಗೋರಾದಲ್ಲಿ ಕುಡಿಯುವ ನೀರಿಲ್ಲ ಅಂತ ಜನ ಬೀದಿಗೆ ಬಂದರು. ಆಮೇಲೆ 2022ರಲ್ಲಿ ಸರ್ಕಾರ ಕಲ್ಲಂಗಡಿ, ಬೆಣ್ಣೆಹಣ್ಣು, ಕಿತ್ತಳೆಯ ಹೊಸ ತೋಟಗಳ ಡ್ರಿಪ್ ಸಬ್ಸಿಡಿ ನಿಲ್ಲಿಸಿತು. ನಮ್ಮಲ್ಲಿ ಅಡಿಕೆಗೆ ಹಾಗೆ ಮಾಡಲಿ ನೋಡೋಣ ಅಂತ ತಾತ ನಕ್ಕರು. ಅವರದ್ದೂ ಅರ್ಧ ಎಕರೆ ಅಡಿಕೆ ಇದೆ.

ಮೊರಾಕ್ಕೊದ ಆದಾಯದಲ್ಲಿ ಕೃಷಿಯ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಆದರೆ ಕೆಲಸ ಮಾಡುವವರಲ್ಲಿ ಕಾಲು ಭಾಗ ಕೃಷಿಯಲ್ಲೇ ಇದ್ದಾರೆ. ಹಣ ಬರುವುದು ಬೇರೆ ಕಡೆಯಿಂದ. ತಾಂಜಿಯರ್ ಬಂದರಿನ ಪಕ್ಕ 2012ರಲ್ಲಿ ರೆನೊ ಕಾರ್ಖಾನೆ ಬಂತು, ಈಗ ಕಾರು ರಫ್ತೇ ದೊಡ್ಡ ಬಾಬ್ತು. ಅಲ್ಲಿಂದ ಯುರೋಪಿಗೆ ಸಮುದ್ರ ಬರೀ 14 ಕಿ.ಮೀ. 2024ರಲ್ಲಿ 1.74 ಕೋಟಿ ಪ್ರವಾಸಿಗರು ಬಂದರು. ಯುರೋಪಿನಲ್ಲಿ ದುಡಿಯುವ ಮಕ್ಕಳು ಮನೆಗೆ ಕಳಿಸುವ ಹಣ ಇನ್ನೊಂದು ಆಧಾರ. ನಮಗೆ ಯುರೋಪ್ ಅಂದರೆ ಬೆಂಗಳೂರು, ಜಿಬ್ರಾಲ್ಟರ್ ಅಂದರೆ ರಾಷ್ಟ್ರೀಯ ಹೆದ್ದಾರಿ 48. ಭಾನುವಾರ ರಾತ್ರಿ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ, ನಮ್ಮ ತಾಲ್ಲೂಕಿನ ದೊಡ್ಡ ರಫ್ತು ಯಾವುದು ಅಂತ ಗೊತ್ತಾಗುತ್ತದೆ. ಕೈಯಲ್ಲಿ ಬ್ಯಾಗು, ಬ್ಯಾಗಿನಲ್ಲಿ ರಾಗಿ ಹಿಟ್ಟು.

ಬಿಸಿಲಿಗೆ ಬಾಡಿಗೆ ಎಷ್ಟು

ಈಗ ದೊಡ್ಡಪ್ಪನ ಆರು ಎಕರೆಗೆ ಬರುತ್ತೇನೆ. ಬರೆಯೋಕೆ ಕೂತದ್ದೇ ಇದಕ್ಕೆ.

ಮಳೆ ಕಡಿಮೆ ಅಂದರೆ ಮೋಡ ಕಡಿಮೆ. ಮೋಡ ಕಡಿಮೆ ಅಂದರೆ ಬಿಸಿಲು ಜಾಸ್ತಿ. ಪಾವಗಡದ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್, ಹರಡಿರುವುದು ಸುಮಾರು 13,000 ಎಕರೆಯಲ್ಲಿ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆ ಆಯಿತು. ಊರುಗಳು ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಹೆಸರು ಗಮನಿಸಿ. ಸಮುದ್ರ ಅಂದರೆ ದೊಡ್ಡ ಕೆರೆ. ಚೆರ್ಲು ಅಂದಾಗ ತೆಲುಗಿನ ಚೆರುವು ನೆನಪಾಗುತ್ತದೆ, ಅದೂ ಕೆರೆಯೇ. ನೀರಿನ ಹೆಸರಿಟ್ಟುಕೊಂಡ ಊರುಗಳ ಮೇಲೆ ಈಗ ಗಾಜು ಹಾಸಿದೆ.

ಮೊರಾಕ್ಕೊದ ಉತ್ತರ ವಾರ್ಜಾಜಾತ್‌ನ 'ನೂರ್'. ಅರಬ್ಬಿಯಲ್ಲಿ ನೂರ್ ಅಂದರೆ ಬೆಳಕು. ಒಟ್ಟು 580 ಮೆಗಾವ್ಯಾಟ್ ಸುಮಾರು, ಪಾವಗಡದ ಮೂರನೇ ಒಂದೂ ಇಲ್ಲ. ಆದರೆ ಯಂತ್ರ ಬೇರೆ. ಪಾವಗಡದಲ್ಲಿ ಫಲಕ ನೇರವಾಗಿ ವಿದ್ಯುತ್ ಮಾಡುತ್ತದೆ, ಸೂರ್ಯ ಮುಳುಗಿದರೆ ಮುಗಿಯಿತು. ನೂರ್‌ನ ಮೊದಲ ಮೂರು ಘಟಕಗಳಲ್ಲಿ ಕನ್ನಡಿಗಳು ಬಿಸಿಲನ್ನು ಒಂದೆಡೆ ಕೂಡಿಸಿ ಕರಗಿದ ಉಪ್ಪನ್ನು ಕಾಯಿಸುತ್ತವೆ. ಆ ಬಿಸಿ ಉಪ್ಪು ಟ್ಯಾಂಕಿನಲ್ಲಿ ಕೂತು, ಕತ್ತಲಾದ ಮೇಲೂ ಕೆಲವು ಗಂಟೆ ಹಬೆ ಮಾಡಿ ಟರ್ಬೈನ್ ತಿರುಗಿಸುತ್ತದೆ. ಉಪಾಯ ಸೊಗಸು, ಖರ್ಚು ಜಾಸ್ತಿ. 2024ರಲ್ಲಿ ಮೂರನೇ ಘಟಕದ ಉಪ್ಪಿನ ಟ್ಯಾಂಕ್ ಸೋರಿ ತಿಂಗಳುಗಟ್ಟಲೆ ನಿಂತೇ ಹೋಗಿತ್ತು. ಇನ್ನು ಕನ್ನಡಿ ಆಗಲಿ ಫಲಕ ಆಗಲಿ ಧೂಳು ತೊಳೆಯೋಕೆ ನೀರು ಬೇಕೇ ಬೇಕು. ಬಿಸಿಲಿರುವ ಕಡೆ ನೀರಿಲ್ಲ, ನೀರಿರುವ ಕಡೆ ಬಿಸಿಲಿಲ್ಲ. ಇದಕ್ಕೆ ನಮ್ಮ ಸಿಲಬಸ್‌ನಲ್ಲಿ ಇನ್ನೂ ಪರಿಹಾರ ಬಂದಿಲ್ಲ.

ಯಂತ್ರಕ್ಕಿಂತ ಮುಖ್ಯವಾದ ವ್ಯತ್ಯಾಸ ಜಮೀನಿನಲ್ಲಿದೆ. ವಾರ್ಜಾಜಾತ್‌ನಲ್ಲಿ ಅದು ಒಂದು ಬುಡಕಟ್ಟಿನ ಸಾಮೂಹಿಕ ಮೇವಿನ ಭೂಮಿ. ಸರ್ಕಾರದ ಸಂಸ್ಥೆ ಅದನ್ನು ಕೊಂಡುಕೊಂಡಿತು, ಹಣ ಊರಿನ ಅಭಿವೃದ್ಧಿ ಕೆಲಸಗಳಿಗೆ ಹೋಯಿತು. ಒಂದು ಸಲಕ್ಕೆ ಮುಗಿದ ಕಥೆ. ಪಾವಗಡದಲ್ಲಿ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಶೇಕಡಾ ಏರಿಕೆ, 28 ವರ್ಷದ ಒಪ್ಪಂದ. ಪಹಣಿ ರೈತನ ಹೆಸರಲ್ಲೇ ಉಳಿಯುತ್ತದೆ. ನನ್ನ ಮಟ್ಟಿಗೆ ಇದು ಮೊರಾಕ್ಕೊದ ದಾರಿಗಿಂತ ಒಳ್ಳೆಯದು. ಆದರೂ ಲೆಕ್ಕ ಹಾಕದೆ ಒಪ್ಪಿಕೊಳ್ಳಬಾರದಲ್ಲ.

ಕೊನೆಯ ಎರಡು ವರ್ಷಕ್ಕೆ ಹೊತ್ತಿಗೆ ಹದಿಮೂರು ಏರಿಕೆ ಆಗಿರುತ್ತದೆ. 21,000 ಗುಣಿಸು 1.05ರ ಹದಿಮೂರನೇ ಘಾತ, ಅಂದರೆ ಸುಮಾರು 39,600. ಕೇಳೋಕೆ ಚೆನ್ನಾಗಿದೆ. ಆದರೆ ಬೆಲೆ ಏರಿಕೆ ವರ್ಷಕ್ಕೆ 4 ಶೇಕಡಾ ಅಂತ ಇಟ್ಟುಕೊಳ್ಳಿ, ಅದು ರಿಸರ್ವ್ ಬ್ಯಾಂಕಿನ ಗುರಿ. 27 ವರ್ಷಕ್ಕೆ ಬೆಲೆಗಳು 2.88 ಪಟ್ಟು ಆಗುತ್ತವೆ. ಆ 39,600ಕ್ಕೆ ಆಗ ಸಿಗುವುದು ಒಪ್ಪಂದದ ದಿನ 13,700 ರೂಪಾಯಿಗೆ ಸಿಗುತ್ತಿದ್ದಷ್ಟು ಸಾಮಾನು. ಬಾಡಿಗೆ ಏರುತ್ತಲೇ ಇಳಿಯುತ್ತದೆ. ಎರಡು ವರ್ಷಕ್ಕೆ 5 ಅಂದರೆ ವರ್ಷಕ್ಕೆ ಎರಡೂವರೆಗಿಂತ ಒಂಚೂರು ಕಡಿಮೆ. ತಪ್ಪು ಇರುವುದು ಅಲ್ಲೇ.

ಇನ್ನೊಂದು ಲೆಕ್ಕ. 13,000 ಎಕರೆಗೆ 21,000ದಂತೆ ವರ್ಷಕ್ಕೆ 27.3 ಕೋಟಿ ಬಾಡಿಗೆ. ಪಾರ್ಕ್ ಸರಾಸರಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗ ಕೊಡುತ್ತದೆ ಅಂತ ನಾನು ಹಿಡಿದುಕೊಂಡೆ. ರಾತ್ರಿ, ಮೋಡ ಎಲ್ಲ ಸೇರಿ. ವರ್ಷಕ್ಕೆ ಸುಮಾರು 359 ಕೋಟಿ ಯೂನಿಟ್. ಭಾಗಿಸಿ ನೋಡಿ, ಯೂನಿಟ್ಟಿಗೆ ಏಳೂವರೆ ಪೈಸೆ ಚಿಲ್ಲರೆ. ನಮ್ಮ ಹಾಸ್ಟೆಲ್‌ನ ಗೀಸರ್ ಒಂದು ಯೂನಿಟ್ ಕುಡಿದರೆ ಅದರಲ್ಲಿ ನೆಲದ ಪಾಲು ಇಷ್ಟು.

ಆ ಏಳೂವರೆ ಪೈಸೆಯೂ ಪಹಣಿ ಇದ್ದವರಿಗೆ. ಕಡಲೆಕಾಯಿ ಕೀಳೋಕೆ ಕೂಲಿಗೆ ಬರುತ್ತಿದ್ದವರಿಗೆ, ಬೆಳೆ ಕೊಯ್ದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಒಪ್ಪಂದದಲ್ಲಿ ಸಾಲೇ ಇಲ್ಲ. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿದೆ. ಬೇಲಿ ಒಳಗೆ ಕುರಿಗೆ ಜಾಗ ಇಲ್ಲ.

ಯೋಜನೆಗಳ ಕಾಗದದಲ್ಲಿ ಇಂಥ ನೆಲಕ್ಕೆ 'ಪಾಳು' ಅನ್ನುವ ಪದ ಬಹಳ ಸಲ ಬರುತ್ತದೆ. ಬುಕ್ಕಾಪಟ್ಟಣದ ಕುರುಚಲು ಕಾಡನ್ನೂ ಹಾಗೆಯೇ ನೋಡುತ್ತಿದ್ದರು. ಅಲ್ಲಿ ಚಿಂಕಾರ ಇರುವುದು ಖಚಿತವಾದ ಮೇಲೆ 2019ರಲ್ಲಿ 136 ಚದರ ಕಿ.ಮೀ. ಕಾಡು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮ ಆಯಿತು. ಚಿಂಕಾರ ಅಂದರೆ ಸಣ್ಣ ಹುಲ್ಲೆ, ಮೇವಿನ ತೇವದಲ್ಲೇ ದಿನಗಟ್ಟಲೆ ಬದುಕಬಲ್ಲ ಪ್ರಾಣಿ. ಸಹಾರಾ ಅಂಚಿನ ಡೋರ್ಕಸ್ ಹುಲ್ಲೆ ಅದೇ ಕುಲದ್ದು. ತಾತ ಚಿಕ್ಕಂದಿನಿಂದ ಅದನ್ನು ನೋಡಿದ್ದಾರೆ. ಧಾಮ ಆಯಿತು ಅಂದಾಗ ಅವರ ಮೊದಲ ಪ್ರಶ್ನೆ, "ಕುರಿ ಬಿಡ್ತಾರಾ ಒಳೀಕೆ?" ಪಾಳು ಅನ್ನುವವರೂ ಬೇಲಿ ಹಾಕುತ್ತಾರೆ, ಅಮೂಲ್ಯ ಅನ್ನುವವರೂ ಬೇಲಿ ಹಾಕುತ್ತಾರೆ, ಕುರಿ ಕಾಯುವವನಿಗೆ ಎರಡೂ ಬೇಲಿಯೇ.

ಪಾವಗಡದ ಪಾರ್ಕ್ ಇನ್ನೂ ದೊಡ್ಡದು ಮಾಡುವ ಮಾತು ನಡೆಯುತ್ತಿದೆ. ನನ್ನ ಎರಡೂ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಏರಿಕೆ ವರ್ಷಕ್ಕೆ 5 ಶೇಕಡಾ ಕೇಳಿ ಅಂತ ಕೆಳಗೆ ಗೆರೆ ಹಾಕಿ, ದೊಡ್ಡಪ್ಪನಿಗೆ ವಾಟ್ಸಾಪ್ ಮಾಡಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಫೋನ್ ಮಾಡಿದರು. "ಚೆನ್ನಾಗೈತೆ ಕಣೋ. ಹಂಗೇ ಕಡ್ಲೆಕಾಯಿ ಲೆಕ್ಕನೂ ಹಾಕು. ಬೀಜ, ಗೊಬ್ಬರ, ಕೂಲಿ ಎಲ್ಲ ನಾನು ಹೇಳ್ತೀನಿ, ಬರ್ಕೋ" ಅಂದರು. ಬರೆದುಕೊಂಡೆ. ಹತ್ತು ವರ್ಷದಲ್ಲಿ ಎಷ್ಟು ವರ್ಷ ಬೆಳೆ ಕೈಗೆ ಬಂತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದೊಡ್ಡಮ್ಮನನ್ನು ಕೇಳಿ ಹೇಳುತ್ತೇನೆ ಅಂದರು. ಎಕ್ಸೆಲ್‌ನಲ್ಲಿ ಆ ಒಂದು ಮನೆ ಇನ್ನೂ ಖಾಲಿ ಇದೆ.